ಅಂಟು ಹಚ್ಚಿದ ಮಗ್ಗುಲು

"ಕತ್ತರಿಸಿ ಅಂಟಿಸಿದ್ದು ಬಿಟ್ರೆ ಮಿಕ್ಕ ಪೇಪರೆಲ್ಲ ರದ್ದಿಗೆ ಹೋಗುತ್ತೆ ಅಂತ ಇನ್ನೆಷ್ಟು ಸಲ ಹೇಳ್ಲಿ ನಿಮಗೆ?"

ಅನುಸೂಯಮ್ಮನ ದನಿ ಲೈಬ್ರರಿಯ ಆ ತುದಿಗೂ ಕೇಳಿಸಿತು. 'ಮೌನವಾಗಿರಿ' ಎಂಬ ಬೋರ್ಡು ಅವಳ ತಲೆಯ ಮೇಲೇ ಇತ್ತು. ಚಂದಾಪುರದ ಈ ಕಾನೂನು ಕಾಲೇಜಿನ ಲೈಬ್ರೇರಿಯನ್ ಅವಳು. ಬೆಳಿಗ್ಗೆಯಿಂದ ಪ್ರಿನ್ಸಿಪಾಲರ ಕಾಟ, ಇನ್‌ಸ್ಪೆಕ್ಷನ್ನಿನ ತಯಾರಿ, ಕೆಟ್ಟು ಕೂತ ಜೆರಾಕ್ಸ್ ಮಷೀನು. ಈಗ ಇವರು.

ಎದುರಿಗೆ ಸಂಗಣ್ಣನೂ ಅವನ ಹೆಂಡತಿ ಲಕ್ಷ್ಮವ್ವನೂ ನಿಂತಿದ್ದರು. ಸಂಗಣ್ಣನ ಬಲಗೈಗೆ ಬ್ಯಾಂಡೇಜು. ಹೆಬ್ಬಗೋಡಿಯ ಫ್ಯಾಕ್ಟರಿಯೊಂದರ ಪ್ರೆಸ್ ಮಷೀನು ಅವನ ಬೆರಳುಗಳನ್ನು ತೆಗೆದುಕೊಂಡಿತ್ತು. ಇವನು ನಮ್ಮ ಕೆಲಸಗಾರನೇ ಅಲ್ಲ, ಅವತ್ತು ಲೋಡಿಂಗಿಗೆ ಬಂದವನು ಸುಮ್ಮನೆ ಮಷೀನು ಮುಟ್ಟಿದ್ದಾನೆ ಎಂದು ಫ್ಯಾಕ್ಟರಿಯವರು ಜಾರಿಕೊಂಡಿದ್ದರು.

"ಸುಳ್ಳ್ರೀ ಮೇಡಮ್ಮಾರ," ಎಂದಳು ಲಕ್ಷ್ಮವ್ವ. "ನಮ್ಮ ಮನಿಯವ್ರು ಅದ ಮಷೀನ್ ಮ್ಯಾಲ ವರ್ಷಗಟ್ಲೆ ದುಡದಾರ. ಆಯುಧಪೂಜಿಗೆ ಪೇಪರ್‌ನ್ಯಾವ್ರು ಬಂದು, ಕಂಪನಿ ಅಂಗಿ ಮ್ಯಾಲ, ಮಷೀನ್ ಬಾಜೂ ನಿಂದ್ರಿಸಿ ಫೋಟೋ ಹೊಡದಿದ್ರು. ಅದನ್ನ ತಗೊಂಡ ಬರ್ರಿ ಅಂದಾರ ವಕೀಲ್ರು."

"ನಿಮ್ಮನೇಲಿ ಇಟ್ಕೊಂಡಿರ್ಲಿಲ್ವಾ?"

"ರೂಮ್ ಬದ್ಲಿ ಮಾಡು ಮುಂದ ಚಾದ ಕಪ್ಪು-ಬಸಿ ಸುತ್ತಾಕ ಆ ಪೇಪರ್ ಹರದ್ನಿರಿ," ಎಂದು ಲಕ್ಷ್ಮವ್ವ ತಲೆ ತಗ್ಗಿಸಿದಳು.

ಅನುಸೂಯಮ್ಮ ಹಣೆ ಚಚ್ಚಿಕೊಂಡಳು. ಆ ಫೋಟೋ ಹಾಕಿದ್ದ ಸ್ಥಳೀಯ ವಾರಪತ್ರಿಕೆ ಈಗ ಬಾಗಿಲು ಮುಚ್ಚಿತ್ತು. ಅದರ ಹಳೆಯ ಪ್ರತಿಗಳು ಯಾರ ಬಳಿಯೂ ಇರಲಿಲ್ಲ. "ಇಲ್ಲಿ ಕೋರ್ಟಿನ ಸುದ್ದಿ, ತೀರ್ಪು, ಜಮೀನಿನ ತಗಾದೆ ಇಂಥದ್ದು ಕತ್ತರಿಸಿ ಇಡ್ತೀವಿ ಕಣ್ರೀ. ಪೂಜೆ ಫೋಟೋ ಅಲ್ಲ. ಯಾವ ವರ್ಷದ ಆಯುಧಪೂಜೆ?"

"ಹ್ವಾದ ವರ್ಷದ್ದ್ರೀ. ಎರಡನೇ ಪುಟದಾಗ ಬಂದಿತ್ತು."

ಹೋದ ವರ್ಷ, ಆಯುಧಪೂಜೆಯ ಆ ಸಂಚಿಕೆ, ಮೊದಲನೇ ಪುಟ. ಅನುಸೂಯಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಬೀರುವಿನಿಂದ ಒಂದು ದಪ್ಪ ಹಾಳೆ ತಂದಳು. ಅದರ ಮೇಲೆ ಅವಳದೇ ಮುಖ. ಈ ಕತ್ತರಿಕೆಗಳ ಸಂಗ್ರಹದ ಬಗ್ಗೆ ಪತ್ರಿಕೆ ಬರೆದಿದ್ದ ಲೇಖನ. ಊರಿನವರ ಸುದ್ದಿಯನ್ನೆಲ್ಲ ಕತ್ತರಿಸುತ್ತಾ ತಲೆ ನರೆತವಳ ಸುದ್ದಿ ಬಂದದ್ದು ಅದೊಂದೇ ಸಲ. ಅದರಲ್ಲೂ ಅವಳನ್ನು 'ಸಹಾಯಕಿ' ಎಂದು ಬರೆದಿದ್ದರು. ಆ ಸಿಟ್ಟು ಇನ್ನೂ ಇತ್ತು. ಆದರೂ ಅವತ್ತು ಮೈದಾ ಅಂಟನ್ನು ಮೈಲುತುತ್ತ ಹಾಕಿ ಕುದಿಸಿ, ಹುಳ ಮುಟ್ಟದ ಹಾಗೆ, ಮೂಲೆ ಮೂಲೆಗೂ ಬಳಿದು ಅಂಟಿಸಿದ್ದಳು. ಎರಡನೇ ಪುಟ ಆ ಅಂಟಿನಡಿಯಲ್ಲಿತ್ತು. ನಾಳೆ ಇನ್‌ಸ್ಪೆಕ್ಷನ್ನಿಗೆ ಇದನ್ನೇ ಫ್ರೇಮು ಹಾಕಿಸಿ ಬಾಗಿಲಲ್ಲಿ ತೂಗುಹಾಕಿ ಎಂದಿದ್ದರು ಪ್ರಿನ್ಸಿಪಾಲ್ ರಾಮಾಂಜಿನಪ್ಪ.

ಇಲ್ಲ ಎಂದುಬಿಟ್ಟರೆ ಮುಗಿಯಿತು. ಇವರಿಗೇನು ಗೊತ್ತಾಗುತ್ತದೆ? ಬಿಚ್ಚಿದರೂ ಅವನು ಅದರಲ್ಲಿ ಇರುತ್ತಾನೆಂದು ಏನು ಗ್ಯಾರಂಟಿ? ಕತ್ತರಿ ಆಡಿಸುವಾಗ ಅವಳು ಹಿಂದಿನ ಮಗ್ಗುಲನ್ನು ಯಾವತ್ತೂ ತಿರುಗಿಸಿ ನೋಡಿದವಳಲ್ಲ.

"ಇರ್ಲಿ ಬಿಡ್ರಿ ಮೇಡಮ್ಮಾರ," ಎಂದ ಸಂಗಣ್ಣ. "ನಿಮಗೂ ಭಾಳ ತ್ರಾಸ ಕೊಟ್ವಿ." ಇಬ್ಬರೂ ಬಾಗಿಲ ಕಡೆ ತಿರುಗಿದರು.

"ನಿಲ್ರೀ! ಎಲ್ಲಿಗೆ ಹೊರಟ್ರಿ? ಆ ಜಗ್ಗಲ್ಲಿ ನೀರು ತನ್ನಿ!"

ಮೊದಲು ಮೊಬೈಲಿನಲ್ಲಿ ಲೇಖನದ ಫೋಟೋ ತೆಗೆದಳು. ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಚಿತ್ರದಲ್ಲಿದ್ದ ಅವಳ ಮೂಗಿನ ಮೇಲೆ ಬಿತ್ತು. ಹಾಳಾಗಿ ಹೋಗಲಿ ಎಂದುಕೊಂಡು, ತನ್ನ ಊಟದ ತಟ್ಟೆಯಲ್ಲಿ ನೀರು ಹೊಯ್ದು ಹಾಳೆಯನ್ನು ಮುಳುಗಿಸಿದಳು. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು.

"ಮೇಡಂ, ಆ ಕಟಿಂಗ್ ಫ್ರೇಮಿಗೆ ಕಳಿಸಿದ್ರಾ?"

"ನೆನೀತಾ ಇದೆ ಸಾರ್."

"ಏನು?"

ಅವಳು ಫೋನಿಟ್ಟಳು. ಅಂಚು ಸಡಿಲವಾಗುತ್ತಿತ್ತು. ಕೆಲಸ ಇಷ್ಟು ಅಚ್ಚುಕಟ್ಟಾಗಿ ಮಾಡಬಾರದಿತ್ತು ಎಂದು ತನ್ನನ್ನೇ ಬೈದುಕೊಳ್ಳುತ್ತಾ ಉಗುರಿನಿಂದ ಎಬ್ಬಿಸಿದಳು. ಕಾಗದ ಇಡಿಯಾಗಿ ಎದ್ದು ಬಂತು. ತಿರುಗಿಸಿ, ಒದ್ದೆ ಹತ್ತಿಯಿಂದ ಅಂಟು ಒರೆಸಿದಳು. ಮಾವಿನ ಸೊಪ್ಪು, ಕುಂಬಳಕಾಯಿ, ಒಂದೇ ಅಂಗಿಯ ಮೂರು ನಾಲ್ಕು ಜನ. ಅಂಚಿನಲ್ಲಿ ಅವಳ ಕತ್ತರಿ ಒಬ್ಬನ ಎಡಭುಜವನ್ನು ಕತ್ತರಿಸಿಕೊಂಡು ಹೋಗಿತ್ತು. ಮುಖ ಉಳಿದಿತ್ತು. ಜೇಬಿನ ಮೇಲೆ ಕಂಪನಿಯ ಹೆಸರಿತ್ತು. ಚೆಂಡುಹೂವಿನ ಹಾರ ಹಾಕಿದ್ದ ಮಷೀನಿನ ಮೇಲೆ ಅವನು ಬಲಗೈ ಊರಿದ್ದ.

"ನೀವ ಅದೀರಿ! ಇಲ್ಲಿ ಅದೀರಿ ನೋಡ್ರಿ!" ಲಕ್ಷ್ಮವ್ವ ಸೆರಗು ಬಾಯಿಗೊತ್ತಿಕೊಂಡಳು.

ಸಂಗಣ್ಣ ಮುಖದ ಕಡೆ ನೋಡಲಿಲ್ಲ. ಇನ್ನಷ್ಟು ಬಗ್ಗಿದ.

"ಕೈ ಐತ್ರಿ," ಎಂದ.

ಅನುಸೂಯಮ್ಮ ಕಾಗದಕ್ಕೆ ಅಡ್ಡ ಕೈ ಹಿಡಿದಳು. "ಮುಟ್ಬೇಡಿ, ಹರಿದು ಹೋಗುತ್ತೆ! ಅಂಟಿಸದಿದ್ರೆ ನಿಲ್ಲಲ್ಲ ಇದು."

ಹೊಸ ಹಾಳೆ ತೆಗೆದಳು. ಡಬ್ಬಿಯಿಂದ ಅಂಟು ಬಾಚಿ ಕಾಗದದ ಇನ್ನೊಂದು ಮಗ್ಗುಲಿಗೆ ಬಳಿದಳು. ಲೇಖನದಲ್ಲಿದ್ದ ಅವಳ ಕನ್ನಡಕ, ಮೂಗು, ನಗು ಎಲ್ಲ ಮುಚ್ಚಿಹೋಯಿತು. ಹಾಳೆಯ ಮೇಲಿಟ್ಟು, ಗುಳ್ಳೆ ಏಳದ ಹಾಗೆ ನಡುವಿನಿಂದ ಅಂಚಿಗೆ ಅಂಗೈಯಿಂದ ಒತ್ತಿದಳು. ಫ್ಯಾನಿನ ಗಾಳಿಗೆ ಒಂದು ಮೂಲೆ ಮೇಲೇಳುತ್ತಿತ್ತು. ಸಂಗಣ್ಣ ಅದರ ಮೇಲೆ ಎಡಗೈಯ ಬೆರಳುಗಳನ್ನಿಟ್ಟು ಹಿಡಿದುಕೊಂಡ.