ತಣ್ಣಗಿನ ಅಳತೆ

ಸೂಗಪ್ಪ ಅಳತೆ ಕಡ್ಡಿಯನ್ನು ಚಿಂದಿ ಬಟ್ಟೆಯಿಂದ ಒರೆಸಿ, ಮತ್ತೆ ಎಂಜಿನ್ನಿನೊಳಗೆ ಅದ್ದಿ, ಹೊರತೆಗೆದು ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ನಿಟ್ಟುಸಿರು ಬಿಟ್ಟು ಪಕ್ಕದಲ್ಲಿದ್ದ ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಹೆಂಡತಿ ಗುರುಬಾಯಿ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದರು.

"ಹಾಕಬ್ಯಾಡ್ರಿ! ಮೊದಲ ಆ ಡಬ್ಬಿ ಹೊಟ್ಟಿ ಮ್ಯಾಲೆ ನಾ ಏನು ಬರದೀನಿ, ಓದ್ರಿ."

ಗುರುಬಾಯಿಯ ಮನೆಯಲ್ಲಿ ತಾರೀಖಿಲ್ಲದ ಡಬ್ಬಿ ಸಿಗುವುದಿಲ್ಲ. ಬೇಗಂ ಬಜಾರಿನಲ್ಲಿ ಶೇಂಗಾ ಎಣ್ಣೆಯ ಸಗಟು ಅಂಗಡಿ ಇಟ್ಟಿದ್ದ ಚನ್ನಮಲ್ಲಪ್ಪನವರ ಮಗಳು ಅವರು. ಅಪ್ಪ ಪೀಪಾಯಿ ತೆರೆದ ದಿನವನ್ನು ಇದ್ದಿಲಿನಲ್ಲಿ ಬರೆದಿಡುತ್ತಿದ್ದರು, ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದಿಡುತ್ತಾರೆ. ತುಪ್ಪ, ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ ಎಲ್ಲ ಮುಗಿದ ಮೇಲೆ ಗಂಡನ ಬುಲೆಟ್ ಗಾಡಿಯ ಎಂಜಿನ್ ಎಣ್ಣೆಯನ್ನೂ ಅವರು ಬಿಟ್ಟಿರಲಿಲ್ಲ.

"ಆಗಸ್ಟ್ ಹದಿನಾಲ್ಕು," ಎಂದು ಸೂಗಪ್ಪ ಓದಿದರು. "ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರ? ಮೊದಲ ಒಂದು ಡಬ್ಬಿ ವರ್ಷ ಬರ್ತಿತ್ತು. ನೀವು ರಿಟೈರ್ ಆಗಿ ಆರು ತಿಂಗಳಾತು, ಇದು ಮೂರನೇ ಡಬ್ಬಿ. ನೆಲದ ಮ್ಯಾಲೆ ಒಂದು ಹನಿ ಬಿದ್ದಿಲ್ಲ, ದಿನಾ ಒರಸಾಕಿ ನಾನ. ಹಾಕಿದ ಎಣ್ಣಿ ಎಲ್ಲಿ ಹೋತು?"

"ಸುಡಾಕತ್ತೈತಿ. ಹೊಗಿ ಬರೂದು ಕಾಣವಲ್ಲದೇನು? ಎಂಜಿನ್ನಿನ ಬೋರ್ ಸವದು ಹೋಗೇತಿ ಅಂತ ಮೆಕ್ಯಾನಿಕ್ ಯಾದಗಿರಿನೂ ಹೇಳ್ಯಾನಲ್ಲ."

"ಮೂರು ಡಬ್ಬಿ ಸುಟ್ಟಿದ್ರ ಹೊಗಿಯೊಳಗ ನಮ್ಮ ಬಾಲಾನಗರನ ಕಾಣ್ತಿರಲಿಲ್ಲ."

ಹೊಗೆಯ ಮಾತು ಬಂದದ್ದೇ ತಡ, ಸೂಗಪ್ಪನ ಮುಖ ಇಳಿಯಿತು. ಮೂವತ್ತೈದು ವರ್ಷದ ಗಾಡಿ ಅದು. ಐದು ವರ್ಷಕ್ಕೊಮ್ಮೆ ಸಾರಿಗೆ ಇಲಾಖೆಯ ಆರ್‌ಟಿಎ ಕಚೇರಿಗೆ ಒಯ್ದು ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ಆ ಸರದಿ ಇವತ್ತು ಹನ್ನೊಂದೂವರೆಗಿತ್ತು. ನೀಲಿ ಹೊಗೆ ಕಂಡರೆ ಇನ್ಸ್‌ಪೆಕ್ಟರು ಒಪ್ಪುವುದಿಲ್ಲ. ಅವರು ಒಪ್ಪದಿದ್ದರೆ ಗಾಡಿ ಜುಬಿಲಿ ಹಿಲ್ಸಿನ ಒಂದು ಕೆಫೆಗೆ ಹೋಗುತ್ತದೆ, ಅದೂ ಓಡಲಿಕ್ಕಲ್ಲ. ಹಳದಿ ಬಣ್ಣ ಬಳಿದು ಬಾಗಿಲ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸುತ್ತಾರಂತೆ, ಕಾಫಿ ಕುಡಿಯಲು ಬಂದವರು ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಒಂದು ಫೋನ್ ಮಾಡಿದರೆ ಸಾಕು, ಕೆಫೆಯ ಮ್ಯಾನೇಜರ್ ರಾಹುಲ ಮಧ್ಯಾಹ್ನವೇ ಟ್ರಾಲಿ ತರಲು ತಯಾರಿದ್ದ.

ಇದನ್ನೆಲ್ಲ ಕುದುರಿಸಿದವಳು ಮಗಳು ಸೌಂದರ್ಯಾ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. "ಪಾಸಾದ್ರ ಇಟ್ಕೋರಿ ಪಪ್ಪಾ, ಫೇಲಾದ್ರ ಕೊಟ್ಟುಬಿಡ್ರಿ. ಹೊಗಿ ಕುಡದು ಕುಡದು ಮ್ಯಾಲಿನ ಮನಿ ವೇದವತಿ ಆಂಟಿ ಮಾತು ಬಿಟ್ಟಾರ," ಎಂದು ಅಪ್ಪನ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು. ಭಾಷೆ ಕೊಟ್ಟ ದಿನದಿಂದ ಸೂಗಪ್ಪನಿಗೆ ಊಟ ರುಚಿಸಿರಲಿಲ್ಲ. ಹಳದಿ ಬಣ್ಣದ ತನ್ನ ಗಾಡಿ ಕನಸಿನಲ್ಲಿ ಬಂದು ಹೆದರಿಸುತ್ತಿತ್ತು.

"ಒಂದು ಮಾತು ಹೇಳ್ರಿ," ಗುರುಬಾಯಿ ಸೆರಗಿಗೆ ಕೈ ಒರೆಸಿಕೊಂಡು ಗಾಡಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. "ಭಾನುವಾರ ಮ್ಯಾಲಿನ ಗೆರಿತನಕ ತುಂಬಿಸಿದ್ರಿ. ನಾ ನೋಡೀನಿ. ಮಾರ್ಕೆಟ್ಟಿಗೆ ಹೋಗಿ ಬಂದ್ರಿ. ಇವತ್ತು ಗುರುವಾರ. ನಿಂತಲ್ಲೇ ನಿಂತ ಗಾಡಿ ನಾಕು ದಿನದಾಗ ಎಣ್ಣಿ ಕುಡದು ಬಿಡ್ತೇನು?"

"ಅಳತಿ ಹೇಳಾಕತ್ತೈತಲ್ಲ."

"ನೀವು ಅಳಿಯೂದು ಯಾವಾಗ?"

"ತಣ್ಣಗಿದ್ದಾಗ. ಚಾಲೂ ಮಾಡೂಕಿಂತ ಮೊದಲ." ಸೂಗಪ್ಪ ಬೆನ್ನು ನೆಟ್ಟಗೆ ಮಾಡಿದರು. "ಬಿಸಿ ವಸ್ತು ಸುಳ್ಳು ಹೇಳತೈತಿ, ಗುರುಬಾಯಿ."

ಈ ಮಾತನ್ನು ಅವರು ಹೆಂಡತಿಗೆ ಸಾವಿರ ಸಲ ಹೇಳಿದ್ದರು. ವಿಮಾನದ ಬಿಡಿಭಾಗ ಮಾಡುವ ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಅವರು ಮೂವತ್ತಾರು ವರ್ಷ ಕೂತಿದ್ದರು. ಲೇತ್ ಯಂತ್ರದಿಂದ ಬಿಸಿಬಿಸಿಯಾಗಿ ಇಳಿದ ಭಾಗ ಅಳತೆಯಲ್ಲಿ ಹಿಗ್ಗಿರುತ್ತದೆ. ಅದನ್ನು ಎ.ಸಿ. ಕೋಣೆಯಲ್ಲಿ ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಮರುದಿನವೇ ಗೇಜು ಹಚ್ಚಬೇಕು. ಅವಸರ ಮಾಡಿದ ಅಧಿಕಾರಿಗಳನ್ನೂ ಸೂಗಪ್ಪ ಬಾಗಿಲಲ್ಲೇ ನಿಲ್ಲಿಸಿದ್ದುಂಟು. ಅವರ ಹದಿನೇಳನೇ ನಂಬರಿನ ಮುದ್ರೆ ಬಿದ್ದರೆ ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಅಂಥವರು ಮನೆಯ ಗಾಡಿಯನ್ನು ಬಿಸಿಯಿದ್ದಾಗ ಅಳೆದಾರೇ? "ಚಾಲೂ ಮಾಡಿ ಅಳೀರಿ ಸಾರ್," ಎಂದು ಹಿಂದೊಮ್ಮೆ ಯಾರೋ ಹೇಳಿದ್ದಕ್ಕೆ ಅರ್ಧ ತಾಸು ಪಾಠ ಮಾಡಿ ಕಳಿಸಿದ್ದರು.

ಗುರುಬಾಯಿ ಪಾಠ ಕೇಳುವ ಲಹರಿಯಲ್ಲಿರಲಿಲ್ಲ.

"ನಮ್ಮಪ್ಪನ ಅಂಗಡ್ಯಾಗ ಎರಡು ಟಾಕಿ ಇದ್ದುವು. ಮ್ಯಾಲೊಂದು, ಕೆಳಗೊಂದು. ನಡುವಿನ ನಳ ಒಂಚೂರು ಕೆಳಗ ಸೋರತಿತ್ತು. ದಿನಾ ಅಂಗಡಿ ನಡದಾಗ ಕೆಳಗಿನ ಎಣ್ಣಿ ಮ್ಯಾಲೆ ಪಂಪು ಹೊಡೀತಿದ್ರು, ಸೋರೂದು ಗೊತ್ತಾಗ್ತಿರಲಿಲ್ಲ. ಹಬ್ಬಕ್ಕ ನಾಕು ದಿನ ಮುಚ್ಚಿದ್ರ ಮ್ಯಾಲಿನ ಟಾಕಿ ಖಾಲಿ ಕಾಣೂದು. ಒಮ್ಮೆ ಹೊಸ ಗುಮಾಸ್ತ ಬಂದಿದ್ದ. ಖಾಲಿ ಆಗೇತಿ ಅಂತ ಎರಡು ಪೀಪಾಯಿ ಮ್ಯಾಲೆ ಸುರದ. ಆಮ್ಯಾಲೆ ಪಂಪು ಹೊಡದ್ರು ನೋಡ್ರಿ, ಓಣಿ ತುಂಬ ಎಣ್ಣಿ! ಗಿರಾಕಿ ಜಾರಿ ಬೀಳೂದು ನೋಡಾಕ ಮಂದಿ ನೆರದಿದ್ರು." ಅವರು ಎಂಜಿನ್ನಿನ ಮೇಲೆ ಬೆರಳಿನಿಂದ ಟಕಟಕ ಬಡಿದರು. "ಈಗ ನೀವು ಹೇಳ್ರಿ. ಇದರೊಳಗ ಎಣ್ಣಿ ಇರೋ ಜಾಗ ಒಂದೋ, ಎರಡೋ?"

ಸೂಗಪ್ಪ ಎಣ್ಣೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಕಡ್ಡಿ ಅದ್ದುವ ಜಾಗ ಎಣ್ಣೆಯ ಟಾಕಿ. ಅದರ ಮುಂದೆ, ಚಕ್ರಗಳು ತಿರುಗುವ ಇನ್ನೊಂದು ಗೂಡು. ಎಂಜಿನ್ ಓಡುವಾಗ ಪಂಪು ಆ ಗೂಡಿನ ಎಣ್ಣೆಯನ್ನು ಎತ್ತಿ ಟಾಕಿಗೆ ತಿರುಗಿ ಹಾಕುತ್ತದೆ. ನಿಂತಾಗ ಹಳೆಯ ಪಂಪಿನ ಸಂದಿನಿಂದ ಎಣ್ಣೆ ಮೆಲ್ಲಗೆ ಗೂಡಿಗೆ ಇಳಿಯುತ್ತದೆ. ಇದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ದಿನವೂ ಕಾರ್ಖಾನೆಗೆ ಹೋಗುತ್ತಿದ್ದಾಗ ಒಂದು ರಾತ್ರಿಯಲ್ಲಿ ಇಳಿಯುವುದು ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಈಗ ಗಾಡಿ ದಿನಗಟ್ಟಲೆ ನಿಲ್ಲುತ್ತಿತ್ತು, ಅವರ ನಿಯಮ ಮಾತ್ರ ಹಳೆಯದೇ ಇತ್ತು.

"ಎರಡು," ಎಂದರು. ದನಿ ಸಣ್ಣಗಾಗಿತ್ತು.

"ಹಂಗಾರ ಚಾಲೂ ಮಾಡ್ರಿ."

ಮೂರನೇ ಕಿಕ್ಕಿಗೆ ಎಂಜಿನ್ ಎದ್ದಿತು. ಜೊತೆಗೆ ನೀಲಿ ಹೊಗೆಯೂ ಎದ್ದು ಮೇಲಿನ ಮನೆಯ ಕಿಟಕಿಯತ್ತ ಹೊರಟಿತು. ಕಿಟಕಿ ಫಟ್ಟನೆ ಮುಚ್ಚಿಕೊಂಡಿತು. ಐದು ನಿಮಿಷ ಓಡಿಸಿ, ನಿಲ್ಲಿಸಿ, ನಡುವಿನ ಸ್ಟ್ಯಾಂಡಿನ ಮೇಲೆ ಗಾಡಿ ನೆಟ್ಟಗಿದೆಯೇ ಎಂದು ಎರಡು ಸಲ ನೋಡಿ, ಸ್ವಲ್ಪ ತಡೆದು ಸೂಗಪ್ಪ ಕಡ್ಡಿ ಎಳೆದರು. ಬೆಳಕಿಗೆ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಎಣ್ಣೆ ಮೇಲಿನ ಗೆರೆ ದಾಟಿ ಮುಚ್ಚಳದವರೆಗೂ ಹತ್ತಿತ್ತು, ಹನಿ ಹನಿಯಾಗಿ ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಮತ್ತೆ ಮತ್ತೆ ಸುರಿದು ಹೆಚ್ಚಾದ ಈ ಎಣ್ಣೆಯೇ ಸುಟ್ಟು ನೀಲಿ ಹೊಗೆಯಾಗುತ್ತಿತ್ತು.

"ಪ್ರೀತಿ ಮಾಡಿ ಮಾಡಿ, ಉಣಿಸಿ ಉಣಿಸಿ ಕೊಲ್ಲಾಕತ್ತಿದ್ರಿ," ಗುರುಬಾಯಿ ನಕ್ಕುಬಿಟ್ಟರು. "ಅತಿ ಆದ್ರ ಅಮೃತಾನೂ ವಿಷ ಅಂತಾರಲ್ಲ, ಇದನ್ನ ನೋಡೇ ಅಂದಿರಬೇಕು."

ಸೂಗಪ್ಪನಿಗೆ ನಗು ಬರಲಿಲ್ಲ. ಮೂವತ್ತಾರು ವರ್ಷ ಬೇರೆಯವರ ತಪ್ಪು ಹಿಡಿದ ಕಣ್ಣಿಗೆ ತನ್ನದು ಕಾಣದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟರು. ಆಮೇಲೆ, "ನಾನ ತಪ್ಪಿದೆ," ಎಂದರು. ಮದುವೆಯಾದಾಗಿನಿಂದ ಗುರುಬಾಯಿ ಆ ಮಾತನ್ನು ಅವರ ಬಾಯಲ್ಲಿ ಕೇಳಿರಲಿಲ್ಲ. ಖುಷಿಪಡಬೇಕೆಂದುಕೊಂಡವರು ಚಿಂದಿ ಬಟ್ಟೆ ಎತ್ತಿ ಗಂಡನ ಚಪ್ಪಲಿಯ ಮೇಲಿನ ಎಣ್ಣೆ ಒರೆಸಿದರು.

"ತಪ್ಪೂ ಇಲ್ಲ ಗಿಪ್ಪೂ ಇಲ್ಲ. ಒಂಬತ್ತಾತು. ಹೆಚ್ಚಿನ ಎಣ್ಣಿ ತಗೀರಿ ಮೊದಲ."

ಅಟ್ಟದಿಂದ ಹಳೆಯ ಸೀಮೆಎಣ್ಣೆ ಪಂಪು ಇಳಿಯಿತು. ಗ್ಯಾಸು ಬಂದು ಮೂವತ್ತು ವರ್ಷವಾದರೂ ಇದನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಸೂಗಪ್ಪ ಪ್ರತಿ ದೀಪಾವಳಿಗೂ ಜಗಳ ತೆಗೆಯುತ್ತಿದ್ದ ಪಂಪು ಅದು. ಗುರುಬಾಯಿ ಅದರ ಧೂಳು ಒರೆಸಿ ಗಂಡನ ಕೈಗಿತ್ತರು. ಅದಕ್ಕೆ ಸಣ್ಣ ಕೊಳವೆ ಸಿಕ್ಕಿಸಿ, ಎಣ್ಣೆಯ ಟಾಕಿಗೆ ಇಳಿಬಿಟ್ಟು ಸೂಗಪ್ಪ ಒತ್ತುತ್ತ ಹೋದರು. ಅರ್ಧ ಲೀಟರಿನ ಅಳತೆ ಡಬ್ಬಿ ಒಮ್ಮೆ ತುಂಬಿ, ಇನ್ನೊಮ್ಮೆ ಅರ್ಧ ತುಂಬಿತು. ಕಡ್ಡಿ ಅದ್ದಿ ನೋಡಿದರೆ ಎಣ್ಣೆ ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಒಂದು ಕೂದಲಷ್ಟು ಕೆಳಗೆ ನಿಂತಿತ್ತು.

ಆದರೆ ಹೊಗೆ ಕೂಡಲೇ ನಿಲ್ಲಲಿಲ್ಲ. "ಒಳಗ ಹತ್ತಿದ್ದು ಸುಟ್ಟು ಹೋಗಬೇಕು. ದಾರ್‍ಯಾಗ ಹೋಗ್ಬಹುದು," ಎಂದು ಸೂಗಪ್ಪ ಹೆಲ್ಮೆಟ್ ಹಾಕಿಕೊಂಡರು.

"ತಡೀರಿ, ನಾನೂ ಬರ್ತೀನಿ. ಓಡಿಸೋವ್ರಿಗೆ ಹಿಂದಿನ ಹೊಗಿ ಹ್ಯಾಂಗ ಕಾಣಬೇಕು?" ಗುರುಬಾಯಿ ಮಗಳ ಗುಲಾಬಿ ಹೆಲ್ಮೆಟ್ ತಲೆಗೇರಿಸಿಕೊಂಡು, ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ಗಾಡಿ ಬಾಲಾನಗರದ ದೊಡ್ಡ ರಸ್ತೆಗೆ ಬಿತ್ತು. ಅವರು ಕತ್ತು ಹೊರಳಿಸಿ ಸೈಲೆನ್ಸರಿನ ಮೇಲೆ ಕಣ್ಣಿಟ್ಟು ವರದಿ ಒಪ್ಪಿಸತೊಡಗಿದರು.

"ಐತಿ... ಭಾಳ ಐತಿ... ಹಿಂದಿನ ಸ್ಕೂಟರಿನಾಕಿ ಮೂಗು ಮುಚ್ಕೊಂಡ್ಳು... ಇನ್ನೂ ಐತಿ..."

ಒಂದೊಂದು "ಐತಿ"ಗೂ ಸೂಗಪ್ಪನ ಭುಜ ಕುಗ್ಗುತ್ತಿತ್ತು. ಮೇಲ್ಸೇತುವೆ ಹತ್ತಿ ಇಳಿದರು. ಔಷಧಿ ಕಾರ್ಖಾನೆಗಳ ವಾಸನೆ ಮೂಗಿಗೆ ಹೊಡೆಯಿತು.

"ಈಗ?"

"ಕಮ್ಮಿ ಆತು ಅನ್ನಿಸತೈತಿ... ತಡೀರಿ, ಲಾರಿ ಹೊಗಿನೋ ನಮ್ಮದೋ... ಲಾರೀದು." ಆಮೇಲೆ ಬಹಳ ಹೊತ್ತು ಮಾತೇ ಇಲ್ಲ.

"ಏ, ಹೇಳ!"

"ಏನು ಹೇಳ್ಲಿ? ಹೇಳಾಕ ಏನೂ ಉಳದಿಲ್ಲ," ಎಂದರು ಗುರುಬಾಯಿ. ಅವರ ಕೈ ಗಂಡನ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು.

ಆರ್‌ಟಿಎ ಕಚೇರಿಯ ಅಂಗಳದಲ್ಲಿ ಇನ್ಸ್‌ಪೆಕ್ಟರು ಚಾಸಿಸ್ ನಂಬರು ತಿಕ್ಕಿಸಿ ನೋಡಿ, ಎಂಜಿನ್ ಚಾಲೂ ಮಾಡಿಸಿ, ತಾವೇ ಎಕ್ಸಿಲರೇಟರ್ ತಿರುವಿದರು. ಸೈಲೆನ್ಸರಿನ ಹಿಂದೆ ಬಗ್ಗಿದರು. ಇಷ್ಟು ವರ್ಷ ತನ್ನ ಮೇಜಿನ ಮುಂದೆ ನಿಂತ ಲೇತಿನ ಕೆಲಸಗಾರರಿಗೆ ಹೇಗನಿಸುತ್ತಿತ್ತೆಂದು ಸೂಗಪ್ಪನಿಗೆ ಈಗ ಗೊತ್ತಾಯಿತು.

"ಬಂಡಿ ಬಾಗುಂದಿ," ಎಂದರು ಇನ್ಸ್‌ಪೆಕ್ಟರು, ಕಾಗದಕ್ಕೆ ಸಹಿ ಹಾಕುತ್ತ. ಚೆನ್ನಾಗಿದೆಯಂತೆ! ತೆಲುಗು ಕಿವಿಗೆ ಇಷ್ಟು ಸಿಹಿಯಾಗಿ ಎಂದೂ ಬಿದ್ದಿರಲಿಲ್ಲ. "ರೋಜೂ ನಡುಪುತಾರಾ ಸಾರ್?"

ದಿನಾ ಓಡಿಸ್ತೀರಾ ಎಂಬ ಪ್ರಶ್ನೆಗೆ ಸೂಗಪ್ಪ ತಡವರಿಸಿದರು. ಗುಲಾಬಿ ಹೆಲ್ಮೆಟ್ಟಿನೊಳಗಿಂದ ಗುರುಬಾಯಿ ತೆಲುಗಿನಲ್ಲೇ ಉತ್ತರ ಕೊಟ್ಟರು. "ರೋಜೂ, ಸಾರ್."

ತಿರುಗಿ ಬರುವಾಗ ಬಾಲಾನಗರದ ಸಿಗ್ನಲ್ಲಿನಲ್ಲಿ ಸೂಗಪ್ಪನ ಜೇಬಿನ ಫೋನು ಬಡಿದುಕೊಂಡಿತು. ಗುರುಬಾಯಿ ಹಿಂದಿನಿಂದಲೇ ಕೈ ಹಾಕಿ ಎತ್ತಿಕೊಂಡರು. ಕೆಫೆಯ ರಾಹುಲ. ಟ್ರಾಲಿ ತಯಾರಿದೆ, ಗಾಡಿ ಮನೆಯಲ್ಲಿದೆಯೇ ಎಂದು ಕೇಳುತ್ತಿದ್ದ.

"ನಹೀ ಬೇಟಾ," ಎಂದರು ಗುರುಬಾಯಿ, "ಗಾಡಿ ಡ್ಯೂಟಿ ಪೇ ಹೈ." ಗಾಡಿ ಡ್ಯೂಟಿಯ ಮೇಲಿದೆಯಂತೆ!

ಹಸಿರು ದೀಪ ಹತ್ತಿತು. ಮನೆಯ ರಸ್ತೆ ಎಡಕ್ಕಿತ್ತು, ಸೂಗಪ್ಪ ಎಡಗಡೆಯ ಇಂಡಿಕೇಟರ್ ಹಾಕಿದ್ದರು. ಗುರುಬಾಯಿ ಅವರ ಬಲಭುಜವನ್ನು ಎರಡು ಸಲ ತಟ್ಟಿ, ಬೆರಳನ್ನು ಮುಂದಕ್ಕೆ ಚಾಚಿದರು. ಸೂಗಪ್ಪ ಗೇರ್ ಹಾಕಿದರು. ಹಿಂದಿನ ಆಟೋದವನು ಹಾರ್ನ್ ಹೊಡೆದು ಬೈಯುತ್ತಿದ್ದ, ಇಂಡಿಕೇಟರ್ ಎಡಕ್ಕೇ ಮಿಣುಕುತ್ತಿತ್ತು, ಗಾಡಿ ನೆಟ್ಟಗೆ ಮುಂದೆ ಹೋಯಿತು.