ಹನ್ನೊಂದಕ್ಕೆ ಏಳುವ ನೆಟ್ಟು

ಕರೆಂಟು ಬಂತು, ಪಕ್ಕದ ಶೆಡ್ಡಿನಲ್ಲಿ ನಯಾಜ್ ಪಾಷಾ ಅವರ ವೆಲ್ಡಿಂಗು ಚರಚರ ಅಂದಿತು, ಫ್ಯಾನು ಸ್ವಲ್ಪ ಯೋಚನೆ ಮಾಡಿ ತಿರುಗಿತು, ಗೋಡೆಯ ಮೇಲಿನ ರೂಟರ್ ಒಂದೊಂದೇ ದೀಪ ಹಚ್ಚಿಕೊಳ್ಳುತ್ತಿದೆ, ಕೊನೆಗೆ ಎಲ್ಲವೂ ಹಸಿರು, ಹೊರಗಿನವರು ನೋಡಿದರೆ ಏನು ಅಚ್ಚುಕಟ್ಟು ಅನ್ನಬೇಕು, ಆದರೆ ನೆಟ್ಟಿಲ್ಲ, ಲ್ಯಾಪ್‌ಟಾಪಿನಲ್ಲಿ ಏನು ಒತ್ತಿದರೂ ಇಲ್ಲ, ಈಗ ಎರಡೂವರೆ, ಈ ಮನೆಯ ಲೆಕ್ಕದಲ್ಲಿ ಇನ್ನು ನೆಟ್ಟು ಬರುವುದು ಏಳೂವರೆಗೆ, ನನ್ನ ಕ್ಲಾಸು ನಾಲ್ಕಕ್ಕೆ. ಕರೆಂಟು ಬಂದ ಮೇಲೆ ಅದು ಸುಧಾರಿಸ್ಕೋಬೇಕು ಕಣೇ ಸಿಂಧು, ಅತ್ತೆ ಒಂದು ವರ್ಷದಿಂದ ಹೇಳುತ್ತಿರುವುದು ಇದನ್ನೇ, ರಾತ್ರಿ ಮಲಗುವ ಮುಂಚೆ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾ ಬಂದು ರೂಟರನ್ನೂ ಆರಿಸುತ್ತಾರೆ, ಅದಕ್ಕೂ ರೆಸ್ಟ್ ಬೇಡ್ವೇನೇ ಅನ್ನುತ್ತಾರೆ, ಬೆಳಿಗ್ಗೆ ಆರಕ್ಕೆ ಹಾಲು ಕಾಯಲು ಇಟ್ಟು ಮತ್ತೆ ಹಾಕುತ್ತಾರೆ, ಹನ್ನೊಂದಕ್ಕೆ ನೆಟ್ಟು ಬರುತ್ತದೆ, ನಮ್ಮನೆ ನೆಟ್ಟು ಹನ್ನೊಂದಕ್ಕೆ ಏಳುತ್ತೆ ಅಂತ ಬಂದವರಿಗೆಲ್ಲ ಹೇಳುವುದು ಬೇರೆ, ಸೋಮಾರಿ ಮಗನ ಸುದ್ದಿ ಹೇಳುವ ಹಾಗೆ. ಎಂಎಸ್ಸಿ ಗಣಿತ ಓದಿದ ನಾನೂ ಹೌದೇ ಹೌದು ಅಂದುಕೊಂಡು ಕಾಯುತ್ತಿದ್ದೆ, ಆರರಿಂದ ಹನ್ನೊಂದು, ಎರಡೂವರೆಯಿಂದ ಏಳೂವರೆ, ಯಾವಾಗ ನೋಡಿದರೂ ಐದೇ ಗಂಟೆ, ಕೆಟ್ಟುಹೋದ ವಸ್ತು ಇಷ್ಟು ಸರಿಯಾಗಿ ಲೆಕ್ಕ ಇಡುತ್ತದೆಯೇ ಅಂತ ಒಂದು ಸಲವಾದರೂ ಕೇಳಬೇಡವೇ, ನನ್ನ ಕ್ಲಾಸಿನ ಮಕ್ಕಳಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನನ್ನ ಕ್ಲಾಸಿನ ಮಕ್ಕಳು, ಹಲಗೂರಿನ ಶಾಲೆ, ಕಾಲು ಕುಂಟುವ ಬೆಂಚಿನ ಕೆಳಗೆ ಹೆಂಚಿನ ಚೂರು, ಮಕ್ಕಳು ಕಡಿಮೆಯಾದರು ಅಂತ ಅತಿಥಿ ಶಿಕ್ಷಕಿಯನ್ನು ಮೊದಲು ತೆಗೆದರು, ಅಲ್ಲಿಂದ ಈಚೆಗೆ ಮಳವಳ್ಳಿಯ ಈ ನಡುಮನೆ, ಈ ಅಡುಗೆಮನೆ, ಏನು ಮಾಡ್ತಿದೀಯಾ ಸಿಂಧು ಅಂದರೆ ಮನೇಲೇ ಇದೀನಿ ಅನ್ನುವ ಉತ್ತರ, ನಾಲ್ಕು ವರ್ಷದಿಂದ ಅದೇ ಉತ್ತರ. ಈಗ ಸಿಕ್ಕಿರುವುದು ಮನೆಯಿಂದಲೇ ಪಾಠ ಹೇಳುವ ಕೆಲಸ, ಸಿಕ್ಕಿಲ್ಲ ಇನ್ನೂ, ಮೊದಲು ಕಂಪನಿಯವರ ಮುಂದೆ ಒಂದು ಮಾದರಿ ಪಾಠ ಮಾಡಬೇಕು, ಹೋದ ಸಲ ಹೀಗೇ ಕರೆಂಟು ಹೋಗಿ ಬಂದು, ನೆಟ್ಟು ಬಾರದೆ, ಮೊಬೈಲು ಹಿಡಿದು ತಾರಸಿಗೆ ಓಡಿದ್ದೆ, ನಮ್ಮ ಬೀದಿಯಲ್ಲಿ ಸಿಗ್ನಲ್ ಸಿಗುವುದೇ ನೀರಿನ ಟ್ಯಾಂಕಿನ ಪಕ್ಕ, ಮಾತಿಗೆ ಸಾಲುತ್ತದೆ, ಪಾಠಕ್ಕೆ ಸಾಲದು, ಭಿನ್ನರಾಶಿ ಅಂದರೆ ಏನಪ್ಪಾ ಅಂತ ನಾನು ನಗುನಗುತ್ತಾ ಶುರು ಮಾಡಿದರೆ ಆ ಕಡೆಯ ಮಗುವಿಗೆ ಕಂಡದ್ದು ಬಾಯಿ ತೆರೆದು ನಿಂತುಬಿಟ್ಟ ನನ್ನ ಮುಖ. ಇನ್ನೊಂದು ಅವಕಾಶ ಕೊಡ್ತೀವಿ ಮೇಡಂ, ಆದ್ರೆ ಇದೇ ಕೊನೇದು, ಕಂಪನಿಯ ಆ ಹುಡುಗಿಯ ದನಿ ಎಷ್ಟು ಮೃದುವಾಗಿತ್ತೆಂದರೆ ಮೈಯೆಲ್ಲ ಉರಿದುಹೋಗಿತ್ತು. ಸ್ವಲ್ಪ ಹೊತ್ತಿನ ಮುಂಚೆ ಟ್ಯಾಂಕಿನ ಪಕ್ಕದಿಂದ ಮದ್ದೂರಿನ ಆಫೀಸಿಗೆ ಫೋನು, ಗಂಡ ಅನ್ನಿಸಿಕೊಂಡ ಸುಧೀಂದ್ರ ತಣ್ಣಗೆ, ಇರ್ಲಿ ಬಿಡು ಸಿಂಧು, ಈ ಕೆಲ್ಸ ಹೋದ್ರೆ ಇನ್ನೊಂದು ಅಂದ, ನನಗೆ ಇನ್ನೊಂದು ಬೇಡ, ಇದು ಬೇಕು, ಇವತ್ತು ಬೇಕು. ಆಮೇಲೆ ಕೇಬಲ್ಲಿನ ಚಿಕ್ಕಣ್ಣನಿಗೆ, ಲೈನು ಸರ್ಯಾಗೇ ಅದೆ ಕಣಕ್ಕ, ನಿಮ್ ಡಬ್ಬದೊಳ್ಗೇ ಏನೋ ಆಗ್ಬುಟ್ಟದೆ, ಅದ್ರ ಪುಟ ತಗ್ದು ನೋಡಿ, ತೆಗೀನಿಲ್ಲ ಅಂದ್ರೆ ಬುಡಿ, ಸಂದ್ಗೆ ಬಂದು ಒಸದು ಆಕ್ಕೊಡ್ತೀನಿ, ಈಗ ಪೂರಿಗಾಲೀಲಿ ಕಂಬದ್ ಮ್ಯಾಲಿವ್ನಿ ಅಂದ. ಸಂಜೆಗೆ ಹೊಸದು ಬಂದರೆ ಅದಕ್ಕೆ ಆರತಿ ಎತ್ತಲೇ.

ಡಬ್ಬದ ಪುಟ, ಅದೇ ತೆರೆಯುವುದಿಲ್ಲವಲ್ಲ ಚಿಕ್ಕಣ್ಣ, ನೆಟ್ಟಿಲ್ಲದಿದ್ದರೂ ಆ ಪುಟ ಬರುತ್ತದೆ, ಅದು ಇರುವುದು ರೂಟರಿನ ಹೊಟ್ಟೆಯಲ್ಲೇ, ನೀಲಿ ಪುಟದಲ್ಲಿ ಎರಡು ಬಿಳಿ ಚೌಕ, ಒಂದಕ್ಕೆ ಹೆಸರು, ಒಂದಕ್ಕೆ ಪಾಸ್‌ವರ್ಡು, ಎರಡೂ ರೂಟರಿನ ತಳದ ಸ್ಟಿಕ್ಕರಿನಲ್ಲಿವೆ, ಹಾಕಿ ಒತ್ತಿದರೆ ಪುಟ ಒಮ್ಮೆ ಮಿಟುಕಿಸಿ ಮತ್ತೆ ಅದೇ ನೀಲಿ, ಅದೇ ಎರಡು ಚೌಕ, ಖಾಲಿ, ತಪ್ಪು ಅಂತಲೂ ಹೇಳುವುದಿಲ್ಲ, ಒಳಗೆ ಬಾ ಅಂತಲೂ ಹೇಳುವುದಿಲ್ಲ. ಬ್ರೌಸರಿನ ಇತಿಹಾಸ ಅಳಿಸಿದೆ, ಬೇರೆ ಬ್ರೌಸರಿನಲ್ಲಿ ನೋಡಿದೆ, ಮಾವನ ಮೊಬೈಲಿನಲ್ಲಿ ನೋಡಿದೆ, ಎಲ್ಲದರಲ್ಲೂ ನೀಲಿ, ಪಿನ್ನು ಚುಚ್ಚಿ ರೂಟರನ್ನೇ ರೀಸೆಟ್ ಮಾಡೋಣವೆಂದರೆ ಚಿಕ್ಕಣ್ಣ ಹಾಕಿಕೊಟ್ಟ ಲೈನಿನ ವಿವರವೂ ಅಳಿಸಿಹೋಗುತ್ತದೆ, ಅದನ್ನು ಮತ್ತೆ ತುಂಬಲು ಇದೇ ಪುಟ ತೆರೆಯಬೇಕು, ಏನು ಚೆಂದದ ವ್ಯವಸ್ಥೆ, ಬೀಗದ ಕೈ ಬೀರುವಿನೊಳಗೆ. ಪಾಸ್‌ವರ್ಡೇ ತಪ್ಪಿರಬೇಕಮ್ಮ, ಪೇಪರಿನ ಹಿಂದಿನಿಂದ ಮಾವ, ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರು, ತಪ್ಪು ಯಾವಾಗಲೂ ಎದುರಿಗೆ ಕೂತವರದೇ, ಸಿಟ್ಟಿಗೆ ಬೇಕೆಂದೇ ತಪ್ಪು ಪಾಸ್‌ವರ್ಡು ಹೊಡೆದೆ, ಯಾವುದೋ ಅಕ್ಷರ ಯಾವುದೋ ಅಂಕಿ, ಒತ್ತಿದೆ, ಪಾಸ್‌ವರ್ಡು ತಪ್ಪು ಅಂತ ಕೆಂಪು ಅಕ್ಷರದಲ್ಲಿ ಬಂತು. ತಡಿ ತಡಿ ತಡಿ, ಮತ್ತೆ ಸರಿಯಾದದ್ದನ್ನು ಹಾಕು, ಹಾಕಿದೆ, ಕೆಂಪು ಇಲ್ಲ, ಸುಮ್ಮನೆ ನೀಲಿ. ತಪ್ಪಾದರೆ ಬೈಯುತ್ತದೆ, ಸರಿಯಾದರೆ ಬೈಯುವುದಿಲ್ಲ, ಹಾಗಾದರೆ ರೂಟರ್ ನನ್ನನ್ನು ಒಪ್ಪಿದೆ, ಒಳಗೆ ಬಿಡಲು ಎದ್ದೂ ಇದೆ, ಆದರೆ ಬಾಗಿಲಿಗೂ ನನಗೂ ನಡುವೆ ಏನೋ ಬಿದ್ದುಹೋಗುತ್ತಿದೆ, ಕಷ್ಟದ ಲೆಕ್ಕದ ಮೊದಲ ಗಂಟು ಸಡಿಲವಾದಾಗಿನ ಸುಖ ಇದು, ಎಷ್ಟು ದಿನವಾಗಿತ್ತು ಇದು ಬಂದು.

ಬ್ರೌಸರಿನ ಒಳಹೊಕ್ಕು ನೋಡುವ ಕಿಟಕಿ ಒಂದಿದೆ, ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿ ಒತ್ತಿದರೆ ಬಲಗಡೆ ತೆರೆದುಕೊಳ್ಳುತ್ತದೆ, ರೂಟರ್ ಏನು ಹೇಳಿತು ಬ್ರೌಸರ್ ಏನು ಹೇಳಿತು ಎಲ್ಲ ಸಾಲುಸಾಲಾಗಿ, ಇರುವೆಯಷ್ಟು ಅಕ್ಷರ, ಪಾಸ್‌ವರ್ಡು ಕಳಿಸಿದೆ, ಸರಿ ಅಂದಿತು, ಸರಿ ಅಂದು ಒಂದು ಚೀಟಿ ಕೊಟ್ಟಿತು, ಕುಕ್ಕಿ ಅನ್ನುತ್ತಾರಲ್ಲ ಅದು, ಮುಂದಿನ ಪುಟಕ್ಕೆ ಹೋಗುವಾಗ ಬ್ರೌಸರ್ ಆ ಚೀಟಿ ತೋರಿಸಬೇಕು, ತೋರಿಸಿದರೆ ಒಳಗೆ, ಇಲ್ಲದಿದ್ದರೆ ಮತ್ತೆ ಹೊರಬಾಗಿಲಿಗೆ, ಮುಂದಿನ ಸಾಲು ನೋಡಿದೆ, ಚೀಟಿಯೇ ಇಲ್ಲ, ಕೊಟ್ಟದ್ದನ್ನು ಎಲ್ಲಿ ಬಿಸಾಕಿದೆ ಈ ಬ್ರೌಸರ್. ಟಪ್. ಅತ್ತೆ ನೆಲದ ಮೇಲೆ ಮಾತ್ರೆ ಡಬ್ಬಿ ಸುರಿದುಕೊಂಡು ಕೂತಿದ್ದಾರೆ, ಒಂದೊಂದೇ ಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದು, ಇದು ಡೇಟಾಗೋಯ್ತು, ಟಪ್, ಕಸದ ಬುಟ್ಟಿಗೆ, ಇದು ಇನ್ನೂ ಇದೆ, ಇದು ಡೇಟಾಗೋಯ್ತು, ಟಪ್, ಅತ್ತೆ ಸುಮ್ಮನಿರಿ ಒಂದು ನಿಮಿಷ ಅನ್ನಲು ಬಾಯಿ ತೆರೆದವಳು ತೆರೆದಂತೆಯೇ ಉಳಿದೆ, ಡೇಟು, ಆ ಚೀಟಿಗೂ ಡೇಟು ಇರುತ್ತದೆ, ಎಲ್ಲಿ, ಎಲ್ಲಿದೆ, ಇರುವೆ ಸಾಲಿನ ಕೊನೆಯಲ್ಲಿ, ಈ ಚೀಟಿ ಮುಗಿಯುವುದು ಗುರುವಾರ, ಜನವರಿ ಒಂದು, ಎರಡು ಸಾವಿರದ ಹದಿನೈದು, ರಾತ್ರಿ ಒಂದು ಗಂಟೆಗೆ. ಹದಿನೈದು. ಕೊಡುವಾಗಲೇ ಹತ್ತು ವರ್ಷದ ಹಿಂದೆ ಮುಗಿದುಹೋದ ಚೀಟಿ ಕೊಡುತ್ತಿದೆ, ಬ್ರೌಸರ್ ಕನ್ನಡಕದ ಹತ್ತಿರ ಹಿಡಿದು ಡೇಟು ನೋಡಿ ಬುಟ್ಟಿಗೆ ಹಾಕುತ್ತಿದೆ, ಅದು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ, ಅತ್ತೆ ಮಾಡಿದ್ದನ್ನೇ ಮಾಡಿದೆ. ಪಾಪದ ರೂಟರಿಗೆ ಇವತ್ತು ಯಾವ ದಿನ ಅಂತ ಗೊತ್ತಿಲ್ಲ, ಅದರೊಳಗೆ ಗಡಿಯಾರಕ್ಕೆ ಬ್ಯಾಟರಿಯಿಲ್ಲ, ಆರಿಸಿ ಹಾಕಿದಾಗಲೆಲ್ಲ ಅದಕ್ಕೆ ಹದಿನೈದನೇ ಇಸವಿಯ ಹೊಸ ವರ್ಷ, ಸರಿಯಾಗಿ ನಡುರಾತ್ರಿ. ನಗು ಬಂತು, ಜೋರಾಗಿಯೇ ಬಂತು, ಏನೇ ಆಯ್ತು ನಿಂಗೆ ಅಂದರು ಅತ್ತೆ.

ಅದರ ಗಡಿಯಾರ ತಿದ್ದಬೇಕೆಂದರೆ ಒಳಗೆ ಹೋಗಬೇಕು, ಒಳಗೆ ಹೋಗಬೇಕೆಂದರೆ ಗಡಿಯಾರ ಸರಿಯಿರಬೇಕು, ಅದು ಈ ಕಾಲಕ್ಕೆ ಬರುವುದಿಲ್ಲ, ಸರಿ, ನಾನೇ ಆ ಕಾಲಕ್ಕೆ ಹೋಗುತ್ತೇನೆ, ಹೋಗುವುದು ಎಷ್ಟು ಸುಲಭ ನೋಡು, ಲ್ಯಾಪ್‌ಟಾಪಿನ ಮೂಲೆಯಲ್ಲಿ ತಾರೀಖಿನ ಮೇಲೆ ಒತ್ತಿ ಇಸವಿಯನ್ನು ಕೆಳಗಿಳಿಸು, ಇಳಿ, ಇನ್ನೂ ಇಳಿ, ಹಲಗೂರೂ ದಾಟಿತು, ಮದುವೆಯೂ ದಾಟಿತು, ಮಂಡ್ಯದ ಕಾಲೇಜಿನ ಹತ್ತಿರ ಎರಡು ಸಾವಿರದ ಹದಿನಾಲ್ಕರಲ್ಲಿ ನಿಂತೆ, ಮತ್ತೆ ನೀಲಿ ಪುಟ, ಹೆಸರು, ಪಾಸ್‌ವರ್ಡು, ಒತ್ತಿದೆ, ಮಿಟುಕಿಸಿತು — ಬಿಳಿ. ಬಿಳಿ ಪುಟ, ಎಡಗಡೆ ಉದ್ದಕ್ಕೆ ಪಟ್ಟಿ, ಮೇಲುಗಡೆ ಸ್ವಾಗತ, ತೆರೆಯಿತು, ತೆರೆಯಿತು, ನಾನು ಕುರ್ಚಿಯಿಂದ ಎದ್ದದ್ದು ನನಗೇ ಗೊತ್ತಾಗಲಿಲ್ಲ, ನಾನು ತೆರೆದೆ, ಚಿಕ್ಕಣ್ಣನಲ್ಲ ಸುಧೀಂದ್ರನಲ್ಲ, ನಾನು. ಮಾವ ಪೇಪರು ಬಿಟ್ಟು ಎದ್ದು ಬಂದರು, ಅತ್ತೆ ಕೈಯಲ್ಲಿ ಮಾತ್ರೆ ಹಿಡಿದೇ ಬಂದರು, ಪುಟದಲ್ಲಿ ಗಡಿಯಾರ ಓಡುತ್ತಿದೆ, ನಡುರಾತ್ರಿ ಕಳೆದು ಮುಕ್ಕಾಲು ಗಂಟೆ, ಹೊರಗೆ ಮಟಮಟ ಬಿಸಿಲು, ಅದರ ಕೆಳಗೆ ಒಂದು ನಿಯಮ, ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದರವರೆಗೆ ಈ ಮನೆಯಲ್ಲಿ ಯಾರಿಗೂ ನೆಟ್ಟಿಲ್ಲ. ಐದು ಗಂಟೆ, ಸುಧಾರಿಸಿಕೊಳ್ಳುವ ಐದು ಗಂಟೆ, ಹಾಕಿದ ಕೂಡಲೇ ಅದಕ್ಕೆ ನಡುರಾತ್ರಿಯಲ್ಲವೇ, ಅದು ಐದು ಹೊಡೆಯಲು ಕಾಯುತ್ತದೆ, ನಾವು ಹನ್ನೊಂದು ಹೊಡೆಯಲು ಕಾಯುತ್ತೇವೆ. ಇದ್ಯಾರು ಹಾಕಿದ್ದು ಅಂದೆ, ಮಾವ ಕನ್ನಡಕ ತೆಗೆದು ಒರೆಸಿದರು, ನಾನೇ ಕಣಮ್ಮ, ನಮ್ ಹುಡುಗಿ ಪಿಯುಸಿ ಓದೋವಾಗ ರಾತ್ರಿಯೆಲ್ಲ ಮೊಬೈಲ್ ನೋಡ್ತಿದ್ಲು ಅಂತ ಹಾಕಿದ್ದೆ. ನಾದಿನಿಗೆ ಮದುವೆಯಾಗಿ ಮಗುವೂ ಆಯಿತು, ನಿಯಮ ಇಲ್ಲೇ ಪಹರೆ ಮಾಡುತ್ತಿದೆ, ಮೊದಲೆಲ್ಲ ರೂಟರ್ ನೆಟ್ಟಿನಲ್ಲಿ ಯಾವುದೋ ವಿಳಾಸಕ್ಕೆ ಗಂಟೆ ಕೇಳಿ ತಿಳಿದುಕೊಳ್ಳುತ್ತಿತ್ತು, ಆಗ ನಿಯಮ ನಿಜವಾದ ರಾತ್ರಿಯಲ್ಲೇ ನಡೆಯುತ್ತಿತ್ತು, ಮಲಗಿದವರಿಗೆ ಏನು ಗೊತ್ತು, ಆ ವಿಳಾಸದಲ್ಲಿ ಈಗ ಉತ್ತರ ಹೇಳುವವರಿಲ್ಲ, ಪುಟದಲ್ಲೇ ಬರೆದಿದೆ, ಉತ್ತರ ಇಲ್ಲ. ಮೂವತ್ತು ವರ್ಷದ ಖಜಾನೆಯವರು ಮೆಲ್ಲಗೆ, ಅಳಿಸಿಬಿಡಮ್ಮ ಅಂದರು, ಅಳಿಸಿದೆ, ಸೇವ್ ಒತ್ತಿದೆ, ಮಾವನ ಜೇಬಿನಲ್ಲಿದ್ದ ಮೊಬೈಲು ಟಿಣ್ ಟಿಣ್ ಟಿಣ್ ಅಂದಿತು, ಮಧ್ಯಾಹ್ನದಿಂದ ಹೊರಗೆ ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಒಳಗೆ ಬಂದವು. ಎದ್ಬಿಡ್ತಲ್ಲೇ ಇದು, ಅತ್ತೆ ರೂಟರಿನ ಮುಂದೆ ನಿಂತು ಅಂದರು, ಇನ್ಮೇಲೆ ಬೆಳಿಗ್ಗೆ ಆರಕ್ಕೇ ಏಳುತ್ತೆ ಅತ್ತೆ, ನೀವು ಎದ್ದ ಹಾಗೇ ಅಂದೆ, ಅವರ ಮುಖದಲ್ಲಿ ಅಷ್ಟು ನಗು ನಾನು ಈಚೆಗೆ ನೋಡಿರಲಿಲ್ಲ.

ಮುಖ ತೊಳೆದೆ, ಸೀರೆಯ ನೆರಿಗೆ ಸರಿಮಾಡಿಕೊಂಡೆ, ಬಿಳಿ ಬೋರ್ಡನ್ನು ಗೋಡೆಗೆ ಒರಗಿಸಿದೆ, ಕ್ಲಾಸಿನ ಲಿಂಕು ಒತ್ತಿದರೆ ಅದು ಬರುವುದಿಲ್ಲ, ಈ ಜಾಗ ನಂಬಲು ಯೋಗ್ಯವಲ್ಲ ಅನ್ನುತ್ತದೆ, ಮತ್ತೆ ಒತ್ತಿದೆ, ಮತ್ತೆ ಅದೇ ಮಾತು, ಆಮೇಲೆ ಮೂಲೆಯ ತಾರೀಖು ಕಣ್ಣಿಗೆ ಬಿತ್ತು, ಲ್ಯಾಪ್‌ಟಾಪಿಗೆ ಇನ್ನೂ ಹದಿನಾಲ್ಕನೇ ಇಸವಿ, ರೂಟರಿಗೆ ನಕ್ಕವಳು ನೋಡು, ಸರಿ ಮಾಡಿದೆ, ಕಾಲೇಜು, ಮದುವೆ, ಹಲಗೂರು, ಎಲ್ಲವನ್ನೂ ಮತ್ತೆ ಹತ್ತಿ ಇವತ್ತಿಗೆ ಬಂದೆ, ಲಿಂಕು ತೆರೆಯಿತು. ಕಿಟಕಿಯಿಂದ ಬಗ್ಗಿ ಪಾಷಾ ಅವ್ರೇ ಅಂದರೆ ಸಾಕಾಯಿತು, ಗೊತ್ತು ಮೇಡಂ, ನಿಮ್ಮತ್ತೆ ವೇದವತಿಯಮ್ಮ ಆಗ್ಲೇ ಹೇಳವ್ರೆ, ನಿಮ್ ಕ್ಲಾಸ್ ಮುಗಿಯಾಗಂಟ ಬರೀ ಪೇಂಟ್ ಹೊಡೀತೀನಿ ಅಂತ ವೆಲ್ಡಿಂಗು ನಿಲ್ಲಿಸಿದರು, ಬೀದಿಯೇ ಕಿವಿಗೊಟ್ಟು ಕೂತ ಹಾಗೆ ನಿಶ್ಶಬ್ದ, ಅಡುಗೆಮನೆಯಲ್ಲಿ ಅತ್ತೆ ಕುಕ್ಕರನ್ನೂ ಇಳಿಸಿದರು. ಪರದೆಯಲ್ಲಿ ಎರಡು ಜಡೆಯ ಒಂದು ಮಗು, ಮುಂದಿನ ಹಲ್ಲು ಬಿದ್ದಿದೆ, ಮಿಸ್ ನೀವು ಕಾಣ್ತಿದೀರ ಅಂತು, ಪಕ್ಕದ ಚೌಕದಲ್ಲಿ ಆ ಮೃದು ದನಿಯ ಹುಡುಗಿ, ಶುರು ಮಾಡಿ ಮೇಡಂ, ನಾನು ಬೋರ್ಡಿನ ಕಡೆ ತಿರುಗಿದೆ, ಭಿನ್ನರಾಶಿ ಅಂತ ಬರೆಯಬೇಕು ಮಧ್ಯದಲ್ಲಿ, ಆದರೆ ಕೈ ತಾನಾಗಿ ಮೇಲೆ ಹೋಯಿತು, ಬಲಗಡೆಯ ಮೂಲೆಗೆ, ಯಾವ ಟೀಚರ ಕೈಯಾದರೂ ಮೊದಲು ಹೋಗುವುದು ಅಲ್ಲಿಗೇ, ದಿನ, ಗೆರೆ, ತಿಂಗಳು, ಗೆರೆ, ವರ್ಷ, ಮಾರ್ಕರು ಕಿರ್ ಅಂದಿತು, ನಾಲ್ಕು ವರ್ಷದಿಂದ ನಾನು ಯಾವ ಬೋರ್ಡಿನ ಮೇಲೂ ತಾರೀಖು ಬರೆದಿರಲಿಲ್ಲ, ಬರೆದೆ, ಮಗು ಕಾಯುತ್ತಿದೆ, ತಿರುಗಬೇಕು, ಒಂದು ಗಳಿಗೆ ಹಾಗೇ ನಿಂತಿದ್ದೇನೆ, ಬಿಳಿ ಬೋರ್ಡು, ಅದರ ಮೂಲೆ, ನನ್ನ ಅಕ್ಷರದಲ್ಲಿ ಇವತ್ತಿನ ತಾರೀಖು —