ತವನಪ್ಪನ ಬಾಟಲಿಯಲ್ಲಿ ಇದ್ದದ್ದು

ಹನ್ನೆರಡು ವರ್ಷ ಜಿನಮತಿ ಹಲ್ಲು ಕಚ್ಚಿ ಕಾದಿದ್ದಳು. ಅಂದು ವರನ ಕಡೆಯವರು ನೋಡಲು ಬರುವ ಮುನ್ನಾದಿನ, ನಿಪ್ಪಾಣಿಯ ತವನಪ್ಪನ ಅಂಗಡಿಯಿಂದ ತಂದ ಗುಲಾಬಿ ನೀರಿನಿಂದ ಮುಖ ಒರೆಸಿಕೊಂಡಿದ್ದಳು. ಬೆಳಗಾಗುವಷ್ಟರಲ್ಲಿ ಕೆನ್ನೆಯ ಚರ್ಮ ಸುಲಿದಿತ್ತು. ಅಪ್ಪ ಕೇಳಲು ಹೋದರೆ ಆ ತವನಪ್ಪ ತುಂಬಿದ ಪೇಟೆಯಲ್ಲಿ, "ನನ್ನ ನೀರಾಗ ಏನೂ ಇಲ್ರಿ, ನಿಮ್ಮ ಮಗಳಿಗೇ ಚರ್ಮರೋಗ ಐತಿ" ಎಂದು ಒದರಿದ್ದ. ಕೆನ್ನೆ ತಿಂಗಳಲ್ಲಿ ಮಾಯಿತು. ಆ ಮಾತು ಮಾಯಲಿಲ್ಲ. ಸದಲಗಾದ ಅವರ ಮನೆಗೆ ಮತ್ತೊಂದು ವರ ಬರಲಿಲ್ಲ.

ಜಿನಮತಿ ರಸಾಯನಶಾಸ್ತ್ರ ಓದಿ ಹೈಸ್ಕೂಲ್ ಟೀಚರಾದಳು. ತವನಪ್ಪನೋ, ಕೊಲ್ಲಾಪುರದಲ್ಲಿ ಯಾರಿಂದಲೋ ನೀರು ಮಾಡಿಸಿ, ಠೀವಿಗೆಂದು ಇಂಗ್ಲಿಷ್ ಚೀಟಿ ಅಂಟಿಸಿ ಮಾರತೊಡಗಿದ. ಮಾಡಿಕೊಟ್ಟವನು ಒಳಗಿದ್ದದ್ದನ್ನೆಲ್ಲ ಚೀಟಿಯಲ್ಲಿ ಅಚ್ಚು ಹಾಕಿಸಿದ್ದ. ತವನಪ್ಪನಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ.

೧೯೯೩ರಲ್ಲಿ, ಜೈನರ ಹತ್ತು ದಿನದ ದಶಲಕ್ಷಣ ಪರ್ವಕ್ಕೆ ಪುಣ್ಯಾತ್ಮ ಸದಲಗಾದ ಬಸದಿಯ ಅಂಗಳಕ್ಕೇ ಬಂದು ಬಾಟಲಿ ಹರವಿದ. ವ್ರತ ಹಿಡಿದ ಹೆಂಗಸರು ನೆರೆದಿದ್ದರು, ಅವನ ತಾಯಿ ರಾಜಮತಿಯೂ ಇದ್ದಳು. ಜಿನಮತಿ ಬೇರೆ ಅಂಗಡಿಯ ಗುಲಾಬಿ ನೀರನ್ನು ಅವನದರ ಪಕ್ಕ ಇಟ್ಟು, ಎರಡರ ಚೀಟಿಯನ್ನೂ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದತೊಡಗಿದಳು.

"ಇದರಾಗ ನೀರು, ಗುಲಾಬಿ, ಗ್ಲಿಸರಿನ್. ಈಗ ತವನಪ್ಪಣ್ಣಾರದು ನೋಡೂಣು. ನೀರು. ಸ್ಪಿರಿಟ್, ಸೂಜಿ ಚುಚ್ಚೂ ಮೊದಲ ಡಾಕ್ಟರ್ ತಿಕ್ಕತಾರಲ್ಲ, ಅದು. ಗುಲಾಬಿ ಇಲ್ಲ, ಬರೇ ಸೆಂಟು."

"ಅದೇನ ಕುಡಿಯೂದಲ್ರಿ, ಹಚ್ಚೂದು," ತವನಪ್ಪ ನಕ್ಕ.

ಅವಳು ಬಾಗಿ ಅವನಿಗಷ್ಟೇ ಕೇಳುವಂತೆ, "ಮುಂದ ಜೇನುತುಪ್ಪ ಐತಿ" ಎಂದಳು.

ಅವನ ಮುಖ ಬಿಳಿಚಿಕೊಂಡಿತು. ಒಂದು ಹನಿ ಜೇನೆಂದರೆ ಏಳು ಊರು ಸುಟ್ಟಷ್ಟು ಪಾಪ ಎಂದು ನಂಬಿದ ಜೈನರು ಅವರು. ಮಾಡಿದ್ದುಣ್ಣೋ ಮಹಾರಾಯ!

"ಅಕ್ಕಾರ, ಕೈ ಮುಗೀತೇನಿ, ಅದನ್ನ ಓದಬ್ಯಾಡ್ರಿ. ನಂದ ತಪ್ಪಾತು," ಎಂದು ಪಿಸುಗುಟ್ಟಿದ.

"ಅವತ್ತ ಪ್ಯಾಟ್ಯಾಗ ಒದರಿದಷ್ಟ ಜೋರಾಗಿ ಹೇಳ್ರಿ."

ತವನಪ್ಪ ಎದ್ದು ನಿಂತು, ತಲೆ ತಗ್ಗಿಸಿ ಒದರಿದ: "ಜಿನಮತಿಗೆ ಯಾವ ರೋಗಾನೂ ಇರಲಿಲ್ಲ. ಆಕಿ ಮಕ ಸುಟ್ಟದ್ದು ನನ್ನ ನೀರು. ನಾ ಸುಳ್ಳ ಹೇಳಿದ್ದೆ."

ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಜಿನಮತಿಯ ಎದೆ ಹಗುರಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಓದುವುದಿಲ್ಲ ಎಂದು ಅವಳೇನೂ ಮಾತು ಕೊಟ್ಟಿರಲಿಲ್ಲ. ಬಾಟಲಿ ಎತ್ತಿ ಹಿಡಿದು, ಪಾಠ ಹೇಳುವ ದನಿಯಲ್ಲಿ ಮುಂದಿನ ಸಾಲನ್ನೂ ಓದಿದಳು.

"ಜೇನುತುಪ್ಪ."

ರಾಜಮತಿ ಎರಡು ವರ್ಷದಿಂದ ದಿನಾ ಬಸದಿಗೆ ಹೊರಡುವ ಮೊದಲು ಮಗನ ನೀರಿನಿಂದಲೇ ಮುಖ ಒರೆಸಿಕೊಳ್ಳುತ್ತಿದ್ದಳು. ಮುದುಕಿ ಸೆರಗಿನಿಂದ ಕೆನ್ನೆ ತಿಕ್ಕತೊಡಗಿದಳು, ಕೆಂಪಾದರೂ ಬಿಡಲಿಲ್ಲ. ತವನಪ್ಪ ಅವಳ ಕೈ ಹಿಡಿಯಲು ಹೋದ.

"ಮುಟ್ಟಬ್ಯಾಡ ನನ್ನ," ಎಂದಳು ತಾಯಿ.

ಜಿನಮತಿ ನೋಡುತ್ತ ನಿಂತಳು. ಅವಳಿಗೆ ಅಯ್ಯೋ ಎನಿಸಲಿಲ್ಲ.